ವಿಮಾನದ ಮೈಬಣ್ಣ

ಬೆಂಗಳೂರಿಗೆ ಬಂದ ನೆಂಟರಿಷ್ಟರಿಗೆ ಊರು ತೋರಿಸಹೊರಟವರು ಲಾಲ್‌ಬಾಗನ್ನು ತೋರಿಸುತ್ತಾರೆ. ಬಸವನಗುಡಿಯ ದೊಡ್ಡ ಬಸವಣ್ಣನನ್ನು ತೋರಿಸುತ್ತಾರೆ. ಹೊತ್ತು ಮಿಕ್ಕರೆ ಕಬ್ಬನ್ ಉದ್ಯಾನದ ಮಗ್ಗುಲಲ್ಲಿರುವ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೂ ಒಂದು ಸುತ್ತು ಹೋಗಿ ಮನೆಗೆ ಹಿಂದಿರುಗುತ್ತಾರೆ. ಊರಿನ ಮೂಡಣ ಭಾಗದಲ್ಲಿ, ಮಾರತ್ತಹಳ್ಳಿಗೆ ಹೋಗುವ ಹಳೆಯ ವಿಮಾನನಿಲ್ದಾಣದ ರಸ್ತೆಯಲ್ಲಿ, ಮರಗಳ ನಡುವೆ ವಿಮಾನಗಳನ್ನು ನಿಲ್ಲಿಸಿಟ್ಟಿರುವ ಸಂಗ್ರಹಾಲಯವೊಂದು ಇರುವುದಷ್ಟೆ. ಅಲ್ಲಿಯ ವರೆಗೆ ಹೋಗುವವರು ಸಾಮಾನ್ಯವಾಗಿ ಚಿಕ್ಕ ಮಕ್ಕಳುಳ್ಳವರು. ಮಕ್ಕಳಿಲ್ಲದೆ, ಕೈಯಲ್ಲೊಂದು ಪುಟ್ಟ ಟಿಪ್ಪಣಿ ಪುಸ್ತಕವನ್ನೂ ನಾಲ್ಕಾರು ಬಣ್ಣದ ಪೆನ್ಸಿಲ್ಲುಗಳನ್ನೂ ಹಿಡಿದು, ಕೇವಲ ಲೋಹದ ಬಣ್ಣವೆಂತಹುದೆಂದು ನೋಡುವುದಕ್ಕಾಗಿ ಅಲ್ಲಿಗೆ ಹೋಗಿ ಬಂದ ನನ್ನ ಪ್ರಯಾಣದ ವೃತ್ತಾಂತವನ್ನು ವಾಚಕರ ಮುಂದೆ ಇಡುತ್ತಿದ್ದೇನೆ.

ಲೋಹದ ಬಣ್ಣವೇನೆಂಬುದು ಯಾರಿಗೆ ತಿಳಿಯದು ಎಂದು ಕೇಳಬಹುದು. ಕಬ್ಬಿಣದ ಗೇಟಿಗೂ ನೀರಿನ ತೊಟ್ಟಿಗೂ ಬಳಿಯುವ ಬೆಳ್ಳಿಬಣ್ಣದ ಡಬ್ಬಿ ಎಲ್ಲ ಅಂಗಡಿಗಳಲ್ಲಿಯೂ ದೊರೆಯುವುದು. ವಿಮಾನಗಳ ಚಿಕ್ಕ ಮಾದರಿಗಳನ್ನು ಮಾಡುವ ಹವ್ಯಾಸಕ್ಕೆ ಕೈಹಾಕಿದವರು ಮೊದಮೊದಲು ಆ ಬಣ್ಣವನ್ನೇ ಹಚ್ಚಿ ಸಂತೋಷಪಡುವುದುಂಟು. ಆದರೆ ಅದು ವಿಮಾನದಂತೆ ಕಾಣುವುದಿಲ್ಲ. ಬೆಳ್ಳಿಬಣ್ಣ ಬಳಿದ ಆಟಿಕೆಯಂತೆ ಕಾಣುವುದು. ಏತಕ್ಕೆ ಹೀಗೆ ಎಂಬುದೇ ನನ್ನನ್ನು ಬಹುದಿನ ಕಾಡಿದ ಪ್ರಶ್ನೆ. ಪುಸ್ತಕಗಳಲ್ಲಿ ಇದಕ್ಕೆ ಉತ್ತರಗಳಿದ್ದರೂ ಕಣ್ಣಾರೆ ಕಂಡುಬರುವುದೇ ಲೇಸೆಂದು ಹೊರಟೆನು.

ಹಳೆಯ ಮದರಾಸು ರಸ್ತೆಯ ಕಡೆಯಿಂದ ಬರುವವರು ಸುರಂಜನ್ ದಾಸ್ ರಸ್ತೆಯನ್ನು ಹಿಡಿದು ಬರಬೇಕು. ದಿನವೂ ಸಾವಿರಾರು ಮಂದಿ ಈ ಹೆಸರನ್ನು ಬಸ್ಸಿನಲ್ಲಿ ಕೂಗಿ ಇಳಿಯುತ್ತಾರೆ; ಅದು ಯಾರ ಹೆಸರೆಂದು ಕೇಳುವವರು ವಿರಳ. ೧೯೬೧ನೆಯ ಇಸವಿ ಜೂನ್ ೧೭ರಂದು ಬೆಂಗಳೂರಿನ ಆಕಾಶದಲ್ಲಿ ‘ಮರುತ್’ ಎಂಬ ಜೆಟ್ ಯುದ್ಧವಿಮಾನವನ್ನು ಮೊತ್ತಮೊದಲು ಹಾರಿಸಿದ ಪರೀಕ್ಷಾ ವಿಮಾನಚಾಲಕರು ಸುರಂಜನ್ ದಾಸರು. ೧೯೭೦ನೆಯ ಇಸವಿ ಜನವರಿ ೧೦ರಂದು ಅದೇ ಜಾತಿಯ ವಿಮಾನವೊಂದನ್ನು ಪರೀಕ್ಷಿಸುತ್ತಿದ್ದಾಗ ಅಪಘಾತದಲ್ಲಿ ಅವರು ಮಡಿದರು. ಸಂಗ್ರಹಾಲಯಕ್ಕೆ ಈ ದಾರಿಯಾಗಿಯೇ ಬರುವುದು ಉಚಿತವೆಂದು ನನ್ನ ಭಾವನೆ.

ಈ ಕಾರ್ಖಾನೆಯ ಚರಿತ್ರೆಯು ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿದ್ದುದೇ. ೧೯೪೦ನೆಯ ಇಸವಿ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಸರ್ಕಾರದ ಬೆಂಬಲದಿಂದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪೆನಿಯನ್ನು ಇಲ್ಲಿ ನೆಲೆಗೊಳಿಸಿದರು. ಮಹಾಯುದ್ಧದ ಕಾಲದಲ್ಲಿ ಇಲ್ಲಿ ವಿಮಾನಗಳ ದುರಸ್ತಿ ನಡೆಯಿತು. ಆಮೇಲೆ ನಮ್ಮವೇ ವಿಮಾನಗಳು ಹುಟ್ಟಿದವು. ೨೦೦೧ರಲ್ಲಿ ತೆರೆದ ಸಂಗ್ರಹಾಲಯದಲ್ಲಿ ಚಿತ್ರಗಳ ಶಾಲೆಯೊಂದು, ಯಂತ್ರಗಳ ಶಾಲೆಯೊಂದು, ಹೊರಗೆ ತೋಟದಲ್ಲಿ ವಿಮಾನಗಳು. ಇವುಗಳಲ್ಲಿ ಎಲ್ಲರ ಕಣ್ಣನ್ನೂ ಮೊದಲು ಸೆಳೆಯುವುದು ಮರುತ್. ಜರ್ಮನಿಯ ಪ್ರಖ್ಯಾತ ವಿಮಾನಶಿಲ್ಪಿ ಕುರ್ಟ್ ಟ್ಯಾಂಕರು ೧೯೫೬ರಲ್ಲಿ ಬೆಂಗಳೂರಿಗೆ ಬಂದು, ಇಲ್ಲಿಯ ಇಂಜಿನಿಯರುಗಳೊಡನೆ ಕುಳಿತು ರೂಪಿಸಿದ ವಿಮಾನವಿದು. ಶಬ್ದದ ವೇಗದ ಬಳಿ ಗಾಳಿಯ ತಡೆ ತಗ್ಗಲೆಂದು ನಡುವನ್ನು ಸಣ್ಣಗೆ ಮಾಡಿರುವುದರಿಂದ ಇದಕ್ಕೊಂದು ವಿಚಿತ್ರವಾದ ಬೆಡಗು ಬಂದಿದೆ. ಶಬ್ದದ ಎರಡು ಪಟ್ಟು ವೇಗವನ್ನು ಮುಟ್ಟಬೇಕೆಂಬ ಆಸೆಯಿಂದ ಕಟ್ಟಿದ ಮೈಗೆ ತಕ್ಕ ಶಕ್ತಿಯ ಯಂತ್ರ ಕೊನೆಯವರೆಗೂ ದೊರೆಯದೆ ಹೋದುದು ದೊಡ್ಡ ಕಥೆ, ಅದನ್ನಿಲ್ಲಿ ಬೆಳಸುವುದಿಲ್ಲ. ಎರಡು ಆರ್ಫಿಯಸ್ ಯಂತ್ರಗಳಿಂದಲೇ ಅದು ಹಾರಿತು. ಒಟ್ಟು ೧೪೭ ಮರುತ್‌ಗಳು ತಯಾರಾದವು. ೧೯೭೧ರ ಯುದ್ಧದಲ್ಲಿ ರಾಜಸ್ಥಾನದ ಮರುಭೂಮಿಯ ಮೇಲೆ ಹೋರಾಡಿದವು. ೧೯೯೦ರಲ್ಲಿ ಸೇವೆಯಿಂದ ನಿವೃತ್ತವಾದವು.

ಇನ್ನೊಂದು ಸಂಗತಿಯನ್ನು ಮಾತ್ರ ಹೇಳದೆ ಮುಂದುವರಿಯಲಾರೆ. ಲೋಹದ ಮರುತ್ ಹುಟ್ಟುವುದಕ್ಕೆ ಎರಡು ವರ್ಷ ಮುಂಚೆ, ೧೯೫೯ರಲ್ಲಿ, ಅದೇ ಆಕಾರದ, ಅದೇ ಅಳತೆಯ ಮರದ ವಿಮಾನವೊಂದನ್ನು ಈ ಊರಿನಲ್ಲಿಯೇ ಮಾಡಿ ಹಾರಿಸಿದ್ದರು. ಅದಕ್ಕೆ ಯಂತ್ರವಿಲ್ಲ. ಡಕೋಟಾ ವಿಮಾನವು ಹಗ್ಗ ಕಟ್ಟಿ ಮೇಲಕ್ಕೆ ಎಳೆದೊಯ್ದು ಬಿಡುವುದು. ಅದು ತೇಲುತ್ತ ಕೆಳಗಿಳಿಯುವುದು. ಎಕ್ಸ್-೨೪೧ ಎಂದು ಅದರ ಹೆಸರು. ಮಾದರಿ ಮಾಡುವವರ ಕುಲಕ್ಕೆ ಇದಕ್ಕಿಂತ ದೊಡ್ಡ ಹೆಮ್ಮೆ ಬೇಕೆ? ನಾವು ಎಪ್ಪತ್ತೆರಡರಲ್ಲೊಂದು ಪಾಲಿನ ಅಳತೆಗೆ ತಿಂಗಳುಗಟ್ಟಲೆ ಕಣ್ಣು ನೋಯಿಸಿಕೊಳ್ಳುವವರು. ಅವರು ಒಂದಕ್ಕೊಂದರ ಅಳತೆಯಲ್ಲಿ ಮಾಡಿ ಒಳಗೆ ಮನುಷ್ಯನನ್ನೇ ಕೂರಿಸಿದರು!

ನನ್ನ ಮನೆಯಲ್ಲಿ ಮೇಜಿನ ಮೇಲಿದ್ದುದು ಈ ಮರುತ್‌ನದೇ ಮಾದರಿ. ಹದಿನಾರು ಮೀಟರುಗಳಿಗೆ ತುಸು ಕಡಿಮೆಯಾದ ವಿಮಾನವು ಎಪ್ಪತ್ತೆರಡರಲ್ಲೊಂದು ಅಳತೆಗೆ ಇಳಿದಾಗ ಇಪ್ಪತ್ತೆರಡು ಸೆಂಟಿಮೀಟರು. ರೆಕ್ಕೆಯ ತುದಿಯಿಂದ ತುದಿಗೆ ಹನ್ನೆರಡೂವರೆ. ರಾಳದಲ್ಲಿ ಎರೆದ ಭಾಗಗಳನ್ನು ಜೋಡಿಸಿ ಮುಗಿದಿತ್ತು, ಬಣ್ಣವೊಂದು ಉಳಿದಿತ್ತು. ದಳದಲ್ಲಿ ಹಾರಿದ ಮರುತ್‌ಗಳಿಗೆ ಹಸಿರು-ಬೂದುಗಳ ಮರೆಬಣ್ಣವನ್ನು ಬಳಿದಿದ್ದುದರಿಂದ, ಹೊಟ್ಟೆಯೊಳಗಿನ ಚಕ್ರದ ಗೂಡುಗಳಿಗೂ ಹಿಂದಿನ ಬಾಯಿಗಳಿಗೂ ಮಾತ್ರ ಲೋಹದ ಬಣ್ಣ ಸಾಕೆಂದು ಎಣಿಸಿದ್ದೆನು.

ತೋಟದ ವಿಮಾನಗಳನ್ನು ಸುತ್ತಿ ಸುತ್ತಿ ನೋಡಿದೆನು. ಬಯಲಿನಲ್ಲಿ ಮಳೆಗೂ ಬಿಸಿಲಿಗೂ ನಿಂತ ಲೋಹಕ್ಕೆ ಕಾಲಕಾಲಕ್ಕೆ ಬಣ್ಣದ ಹೊದಿಕೆಯಿಲ್ಲದೆ ಉಳಿವಿಲ್ಲ. ಆದುದರಿಂದ ಅಲ್ಲಿ ಕಾಣುವುದು ಬಹುಮಟ್ಟಿಗೆ ಕಾಪಾಡುವವರ ಬಣ್ಣವೇ ಹೊರತು ವಿಮಾನದ ಹುಟ್ಟುಬಣ್ಣವಲ್ಲ. ಗಾಳಿ ಒಳಹೋಗುವ ಬಾಯಿಯ ಅಂಚು, ಹೊಗೆ ಹೊರಬೀಳುವ ಕೊಳವೆಯ ಒಳಮೈ, ಮುಚ್ಚಳದ ಹಿಂಬದಿ, ಇಂತಹ ಸಂದುಗೊಂದುಗಳಲ್ಲಿ ಇಣುಕಿದರೆ ಮಾತ್ರ ನಿಜವಾದ ಲೋಹದ ದರ್ಶನವಾದೀತು. ನಾನು ಹೀಗೆ ಮರುತ್‌ನ ಹಿಂಬದಿಯಲ್ಲಿ ಬಗ್ಗಿ ಇಣುಕುತ್ತಿದ್ದುದನ್ನು ಮರದಡಿಯ ಕಟ್ಟೆಯಲ್ಲಿ ಕುಳಿತಿದ್ದ ಹಿರಿಯರೊಬ್ಬರು ಬಹಳ ಹೊತ್ತಿನಿಂದ ಗಮನಿಸುತ್ತಿದ್ದರೆಂದು ತೋರುತ್ತದೆ. ಎಪ್ಪತ್ತೆಂಟು ಎಪ್ಪತ್ತೊಂಬತ್ತರ ವಯಸ್ಸು. ಬಿಳಿಯ ಅಂಗಿ, ಮೊಮ್ಮಗನ ಕೈ ಹಿಡಿದುಕೊಂಡಿದ್ದರು.

“ಏನು ಕಳೆದುಕೊಂಡಿರಿ, ಸ್ವಾಮಿ?” ಎಂದರು.

ನನ್ನ ಕೆಲಸವನ್ನು ತಿಳಿಸಿದೆನು. ಅವರು ನಗಲಿಲ್ಲ. “ನಾನು ಇದಕ್ಕೆ ಬಟ್ಟೆ ತೊಡಿಸುವುದಕ್ಕೆ ಮುಂಚೆಯೇ ಇದನ್ನು ನೋಡಿದವನು” ಎಂದರು. ಹದಿನೆಂಟನೆಯ ವಯಸ್ಸಿಗೆ ಕಾರ್ಖಾನೆಯ ತಗಡಿನ ಕೆಲಸಕ್ಕೆ ಸೇರಿ, ಜೀವಮಾನವನ್ನೆಲ್ಲ ಅಲ್ಲಿಯೇ ಸವೆಸಿದವರಂತೆ.

“ಆಗ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತೆ, ಯಜಮಾನರೆ?”

“ಬೆಳ್ಳಿಯ ಹಾಗೆ ಏಕೆ ಹೊಳೆಯಬೇಕು? ಒಂದೊಂದು ತಗಡಿಗೆ ಒಂದೊಂದು ಮುಖ. ಇದು ಉದ್ದಕ್ಕೆ ಕತ್ತರಿಸಿದ್ದು, ಅದು ಅಡ್ಡಕ್ಕೆ ಕತ್ತರಿಸಿದ್ದು. ಬೆಳಕು ಇದರಲ್ಲಿ ಒಂದು ಥರ ಹರಿಯುತ್ತದೆ, ಅದರಲ್ಲಿ ಒಂದು ಥರ. ಸುತ್ತಿಗೆಯಲ್ಲಿ ಬಡಿದು ಬಾಗಿಸಿದ ಕಡೆ ಮಂಕು. ಯಂತ್ರದ ಹತ್ತಿರ ಇನ್ನೂ ಮಂಕು. ಕೂಡುಗಳಲ್ಲಿ ತುಕ್ಕು ಹಿಡಿಯದಿರಲಿ ಎಂದು ಹಚ್ಚಿದ ಹಳದಿ-ಹಸಿರು. ನಾವು ಪೆನ್ಸಿಲ್ಲಿನಲ್ಲಿ ಗೀಚಿದ ಗುರುತುಗಳೂ ಇರುತ್ತಿದ್ದವು. ಸಂಜೆಯ ಬಿಸಿಲು ಶೆಡ್ಡಿನ ಬಾಗಿಲಿನಿಂದ ಓರೆಯಾಗಿ ಬಿದ್ದರೆ, ಸ್ವಾಮಿ, ರಿವೆಟ್ಟುಗಳ ನಡುವೆ ತಗಡು ಕೆರೆಯ ನೀರಿನ ಹಾಗೆ ಸಣ್ಣಗೆ ಅಲೆಯುತ್ತಿತ್ತು. ಆಮೇಲೆ ಬಣ್ಣದವರು ಬಂದು ಬಳಿದುಬಿಡುತ್ತಿದ್ದರು. ಅದನ್ನು ಹೊರಗಿನವರು ಯಾರೂ ನೋಡಲೇ ಇಲ್ಲ.”

ಸ್ವಲ್ಪ ತಡೆದು, “ನನ್ನ ಜೊತೆಯವರು ಈಗ ಬಹಳ ಮಂದಿ ಇಲ್ಲ” ಎಂದರು.

ನನಗೆ ಆ ಮಾತು ನಾಟಿತು. ಮರುತ್‌ನ ಅಳತೆಗಳು ಕಡತಗಳಲ್ಲಿವೆ. ಹಾರಿದವರ ಹೆಸರುಗಳು ದಾಖಲೆಗಳಲ್ಲಿವೆ. ಒಂದಕ್ಕಿಂತ ಹೆಚ್ಚು ಮರುತ್‌ಗಳು ದೇಶದ ಸಂಗ್ರಹಾಲಯಗಳಲ್ಲಿ ಉಳಿದಿವೆ. ಆದರೆ ತಗಡಿನ ಕೆಲಸದವರು ತಮ್ಮ ಕೈಯಿಂದ ಹೊರಗೆ ಕಳುಹಿಸಿದ ದಿನ ಅದು ಹೇಗಿತ್ತೆಂಬುದು, ಬಹುಮಟ್ಟಿಗೆ ಕಪ್ಪುಬಿಳುಪಾದ ಆ ಕಾಲದ ಚಿತ್ರಗಳಲ್ಲಿ ಸರಿಯಾಗಿ ಮೂಡಿಲ್ಲ. ಈ ಕೆಲವು ವೃದ್ಧರ ಕಣ್ಣುಗಳಲ್ಲಿ ಮಾತ್ರ ಉಳಿದಿದೆ. ಮರೆಬಣ್ಣದ ಯೋಚನೆಯನ್ನು ಅಲ್ಲಿಯೇ ಬಿಟ್ಟೆನು. ನನ್ನ ಮರುತ್ ಬಟ್ಟೆ ತೊಡದೆಯೇ ಇರಲಿ ಎಂದು ನಿಶ್ಚಯಿಸಿ, ಕಟ್ಟೆಯ ಮೇಲೆ ಅವರ ಪಕ್ಕದಲ್ಲಿ ಕುಳಿತು, ಟಿಪ್ಪಣಿ ಪುಸ್ತಕವನ್ನು ತೆರೆದೆನು. ಅವರು ಹೇಳುತ್ತ ಹೋದರು. ನಾನು ತಗಡುಗಳ ಗಡಿಗಳನ್ನು ಬರೆದು, ಒಂದೊಂದಕ್ಕೆ ‘ಹೊಳಪು’, ‘ನಸುಮಂಕು’, ‘ಬೂದಿ’ ಎಂದು ಗುರುತು ಹಾಕುತ್ತ ಹೋದೆನು. ಮೊಮ್ಮಗನು ನನ್ನ ಪೆನ್ಸಿಲ್ಲುಗಳನ್ನು ತೆಗೆದುಕೊಂಡು ತನ್ನದೊಂದು ವಿಮಾನವನ್ನು ಬರೆದನು. ಅದಕ್ಕೆ ಕೆಂಪು ಬಣ್ಣ.

ಹಿರಿಯರು ಅನುಭವದಿಂದ ಹೇಳಿದುದಕ್ಕೆ ಶಾಸ್ತ್ರದಲ್ಲಿಯೂ ಆಧಾರವಿದೆ. ಅಪ್ಪಟ ಅಲ್ಯೂಮಿನಿಯಂ ಮೆದು. ಅದರಿಂದ ವಿಮಾನವನ್ನು ಕಟ್ಟಲಾಗದು. ಅದಕ್ಕೆ ತಾಮ್ರವೇ ಮೊದಲಾದವನ್ನು ಸ್ವಲ್ಪ ಬೆರಸಿ ಕಾಯಿಸಿ ತಣಿಸಿ ಕೆಲವು ದಿನ ಬಿಟ್ಟರೆ ಗಟ್ಟಿಯಾಗುವುದೆಂಬುದನ್ನು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಜರ್ಮನಿಯ ಆಲ್‌ಫ್ರೆಡ್ ವಿಲ್ಮ್ ಎಂಬುವರು ಕಂಡುಹಿಡಿದರು. ಆದರೆ ತಾಮ್ರ ಸೇರಿದ ಮೇಲೆ ಅದು ಬೇಗ ಕೊಳೆಯುವುದು. ಇದಕ್ಕೆ ಮಾಡಿದ ಉಪಾಯವು ನಮ್ಮ ಗೃಹಿಣಿಯರಿಗೆ ಹೊಸದಲ್ಲ. ಹಿತ್ತಾಳೆಯ ಪಾತ್ರೆಗೆ ಕಲಾಯಿ ಹಾಕಿಸುವಂತೆ, ಗಟ್ಟಿಯಾದ ತಗಡಿನ ಎರಡು ಮುಖಗಳಿಗೂ ಅಪ್ಪಟ ಅಲ್ಯೂಮಿನಿಯಮ್ಮಿನ ತೆಳುಪದರವನ್ನು ಒತ್ತಿ ಕೂಡಿಸುತ್ತಾರೆ. ಆಲ್‌ಕ್ಲ್ಯಾಡ್ ಎಂದು ಆ ತಗಡಿನ ಹೆಸರು. ಹೀಗೆ ಹೊದಿಸಿದ ತಗಡು ಬೆಳ್ಳಗೆ ಹೊಳೆಯುವುದು. ಹೊದಿಕೆಯಿಲ್ಲದ, ಗಟ್ಟಿಯಿಂದ ಕೊರೆದು ತೆಗೆದ ಭಾಗ ಬೂದುಬಣ್ಣಕ್ಕೆ ತಿರುಗುವುದು. ಉಕ್ಕಿನ ಭಾಗ ಇನ್ನೂ ಕಪ್ಪು. ಇಷ್ಟಲ್ಲದೆ ಗಾಳಿ ಸೋಕಿದ ಕ್ಷಣದಿಂದಲೇ ಅಲ್ಯೂಮಿನಿಯಮ್ಮಿನ ಮೇಲೆ ಕಣ್ಣಿಗೆ ಕಾಣದ ತೆಳುಪೊರೆಯೊಂದು ಕಟ್ಟಿಕೊಳ್ಳುವುದು. ಹುಣಸೆಹಣ್ಣು ಹಾಕಿ ಬೆಳಗಿದ ಚೊಂಬಿಗೂ ವಾರ ಕಳೆದ ಚೊಂಬಿಗೂ ಇರುವ ಭೇದವನ್ನು ಬಲ್ಲವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಎಲ್ಲ ವಿಮಾನಗಳೂ ಮರುತ್‌ನಂತೆ ಬಟ್ಟೆ ತೊಟ್ಟವಲ್ಲ. ಬಣ್ಣಕ್ಕೂ ತೂಕವುಂಟು, ಆದಕಾರಣ ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಅಮೆರಿಕನರು ಬರಿಯ ಲೋಹದ ಮೈಯಲ್ಲಿಯೇ ವಿಮಾನಗಳನ್ನು ಕಳುಹಿಸತೊಡಗಿದರು. ೧೯೫೦ರಿಂದ ೧೯೫೩ರ ವರೆಗೆ ಕೊರಿಯಾದ ಆಕಾಶದಲ್ಲಿ ಹೋರಾಡಿದ ಸೇಬರ್‌ಗಳಿಗೂ ಮಿಗ್-೧೫ಗಳಿಗೂ ಬಹುಮಟ್ಟಿಗೆ ಅದೇ ಹೊಳಪು. ನಮ್ಮ ವಾಯುಪಡೆಯ ಮಿಗ್-೨೧ಗಳೂ ೧೯೭೧ರ ಯುದ್ಧದ ಕಾಲದವರೆಗೆ ಬಿಳಿಯ ಲೋಹವಾಗಿಯೇ ಹಾರುತ್ತಿದ್ದವು. ಆಗ ಕೆಲವಕ್ಕೆ ಅವಸರದಲ್ಲಿ ಹಸಿರು ಬಳಿದರು. ಬಿಸಿಲಿನಲ್ಲಿ ಮಿಂಚುವ ವಿಮಾನವನ್ನು ಶತ್ರು ಬಹುದೂರದಿಂದ ಗುರುತಿಸಬಲ್ಲನಷ್ಟೆ. ಆ ಮಿಗ್-೨೧ಗಳಿಗೂ ೨೦೨೫ರ ಸೆಪ್ಟೆಂಬರ್ ೨೬ರಂದು ಚಂಡೀಗಢದಲ್ಲಿ ಬೀಳ್ಕೊಡುಗೆಯಾಯಿತು.

ಮನೆಗೆ ಬಂದು ಕೆಲಸಕ್ಕೆ ತೊಡಗಿದೆನು. ಲೋಹದ ಬಣ್ಣದಷ್ಟು ನಿರ್ದಯವಾದ ಬಣ್ಣ ಇನ್ನೊಂದಿಲ್ಲ. ಹಸಿರು ಬಣ್ಣ ಹತ್ತು ಕೊರತೆಗಳನ್ನು ಮುಚ್ಚೀತು. ಇದು ಕೂದಲಿನಷ್ಟು ಗೀರನ್ನೂ ಊರಿಗೆಲ್ಲ ಸಾರಿ ಹೇಳುವುದು. ಬಡಗಿಗಳು ಉಪ್ಪುಕಾಗದವೆನ್ನುವ ಉಜ್ಜುವ ಕಾಗದವನ್ನು ಒರಟಿನಿಂದ ನಯಕ್ಕೆ, ನಯದಿಂದ ಅತಿ ನಯಕ್ಕೆ ಬದಲಿಸುತ್ತ, ನೀರು ತೊಟ್ಟಿಕ್ಕುತ್ತ, ಕೂಡುಗಳನ್ನೆಲ್ಲ ಮಟ್ಟಮಾಡಲು ನನಗೆ ನಾಲ್ಕು ಸಂಜೆಗಳು ಹಿಡಿದವು. ಆಮೇಲೆ ಸಾಬೂನಿನ ನೀರಿನಲ್ಲಿ ತೊಳೆದು ಒಣಗಿಸಿ, ಬೆರಳಿನ ಜಿಡ್ಡು ತಾಗದಂತೆ ಕೈಗವಸು ತೊಟ್ಟು ಹಿಡಿಯಬೇಕು. ಮುಂದಿನ ಹೆಜ್ಜೆಯನ್ನು ಕೇಳಿದವರು ಆಶ್ಚರ್ಯಪಡುತ್ತಾರೆ: ಬಿಳಿಯ ಲೋಹವನ್ನು ಬರಿಸಬೇಕಾದರೆ ಮೊದಲು ಹೊಳೆಯುವ ಕಪ್ಪು ಬಣ್ಣವನ್ನು ಹಚ್ಚಬೇಕು! ಲೋಹದ ಬಣ್ಣದಲ್ಲಿರುವುದು ಅತಿ ಸೂಕ್ಷ್ಮವಾದ ಅಲ್ಯೂಮಿನಿಯಂ ಹಳುಕುಗಳು. ನುಣುಪಾದ ಕಪ್ಪಿನ ಮೇಲೆ ಅವು ಮಟ್ಟಸವಾಗಿ ಮಲಗಿ ಕನ್ನಡಿಯಾಗುವುವು. ಒರಟು ನೆಲದ ಮೇಲೆ ಅಡ್ಡಾದಿಡ್ಡಿಯಾಗಿ ಬಿದ್ದು ಬರಿಯ ಬೂದಿಯಾಗುವುವು. ಕಪ್ಪು ತನಗೆ ತಲುಪಿದ ಬೆಳಕನ್ನು ನುಂಗಿಬಿಡುವುದರಿಂದ ಹಳುಕಿನ ಹೊಳಪು ಮಾತ್ರ ಎದ್ದುಕಾಣುವುದು.

ಕುಂಚದಿಂದ ಈ ಕೆಲಸ ಆಗದು, ಗೆರೆ ಬೀಳುವುದು. ಗಾಳಿಯೊತ್ತಡದಿಂದ ಬಣ್ಣವನ್ನು ಮಂಜಿನಂತೆ ಸಿಂಪಡಿಸುವ ಏರ್‌ಬ್ರಷ್ ಎಂಬ ಲೇಖನಿಯಾಕಾರದ ಉಪಕರಣ ಬೇಕು. ತೆಳುವಾಗಿ ಒಂದು ಸಲ, ಒಣಗಿದ ಮೇಲೆ ಇನ್ನೊಂದು ಸಲ, ಹೀಗೆ ಮೂರು ನಾಲ್ಕು ಸಲ. ಈ ಬಣ್ಣದ ಘಾಟು ಮೂಗಿಗೂ ಶ್ವಾಸಕೋಶಕ್ಕೂ ಹಿತವಲ್ಲ; ಕಿಟಕಿ ತೆರೆದು, ಮೂಗಿಗೆ ತಕ್ಕ ಮುಖವಾಡವನ್ನು ಕಟ್ಟಿಕೊಂಡೇ ಮಾಡಬೇಕು. ನಮ್ಮ ಮನೆಯಲ್ಲಿ ಈ ವಿಷಯದ ವಿಚಾರಣೆ ನಡೆದು, ಬಟ್ಟೆ ಒಣಗಹಾಕುವ ಮಾಳಿಗೆಯ ಮೂಲೆಯೊಂದನ್ನು, ಬಟ್ಟೆಗಳಿಲ್ಲದ ಹೊತ್ತಿನಲ್ಲಿ ಮಾತ್ರ, ನನಗೆ ಬಿಟ್ಟುಕೊಡುವುದೆಂದು ತೀರ್ಮಾನವಾಗಿದೆ.

ಇಲ್ಲಿಯ ವರೆಗೆ ಆದುದು ಒಂದೇ ಹೊಳಪಿನ ವಿಮಾನ. ಹಿರಿಯರು ಹೇಳಿದ ವಿಮಾನವಲ್ಲ. ಇನ್ನು ತಗಡಿಗೆ ತಗಡನ್ನು ಬೇರ್ಪಡಿಸಬೇಕು. ಟಿಪ್ಪಣಿ ಪುಸ್ತಕದ ನಕ್ಷೆಯಂತೆ ಒಂದು ತಗಡಿನ ಸುತ್ತ ಅಂಟು ಕಡಿಮೆಯಿರುವ ಕಾಗದದ ಪಟ್ಟಿಯನ್ನು ಹಚ್ಚಿ, ಎರಡು ತೊಟ್ಟು ಕಪ್ಪನ್ನೋ ಬಿಳುಪನ್ನೋ ಬೆರಸಿದ ಲೋಹದ ಬಣ್ಣವನ್ನು ಸಿಂಪಡಿಸಿ, ಪಟ್ಟಿಯನ್ನು ಬಿಡಿಸಿ, ಮತ್ತೆ ಮುಂದಿನ ತಗಡು. ಪಕ್ಕಪಕ್ಕದ ತಗಡುಗಳ ಭೇದ ಎಷ್ಟಿರಬೇಕೆಂಬುದರಲ್ಲಿಯೇ ಎಲ್ಲ ವಿವೇಕವೂ ಇದೆ. ಹೆಚ್ಚಾದರೆ ಚದುರಂಗದ ಹಾಸು, ಕಡಮೆಯಾದರೆ ಚಮಚ. ವಿದೇಶದ ಪ್ರದರ್ಶನಗಳ ಚಿತ್ರಗಳಲ್ಲಿ ಚದುರಂಗದ ಹಾಸಿನಂತಹ ಮಾದರಿಗಳಿಗೂ ಬಹುಮಾನ ಬಂದುದನ್ನು ಕಂಡಿದ್ದೇನೆ. ನನಗೆ ಅವು ಮೆಚ್ಚುಗೆಯಲ್ಲ. ವಿಮಾನವನ್ನು ಕೈಯಲ್ಲಿ ತಿರುಗಿಸಿದಾಗ ಒಂದು ಕೋನದಲ್ಲಿ ಭೇದ ಕಾಣಬೇಕು, ಇನ್ನೊಂದು ಕೋನದಲ್ಲಿ ಮಾಯವಾಗಬೇಕು. ತಗಡನ್ನು ಉರುಳೆಗಳ ನಡುವೆ ಒತ್ತಿದಾಗ ಅದರ ಮೈಯಲ್ಲಿ ಉಳಿಯುವ ಸೂಕ್ಷ್ಮವಾದ ಗೆರೆಗಳ ದಿಕ್ಕೇ ಇದಕ್ಕೆ ಕಾರಣ.

ಈ ದಿಕ್ಕನ್ನು ಬಣ್ಣದಲ್ಲಿ ತರುವುದು ಕಷ್ಟ. ಇದಕ್ಕೆ ಇನ್ನೊಂದು ದಾರಿಯಿದೆ: ನಿಜವಾದ ಲೋಹವನ್ನೇ ಹಚ್ಚುವುದು. ರೊಟ್ಟಿ ಸುತ್ತಿಡುವ ಅಲ್ಯೂಮಿನಿಯಂ ಹಾಳೆಯನ್ನು ತೆಳುವಾದ ಅಂಟಿನಿಂದ ಕೂರಿಸಿ, ಹತ್ತಿಯಿಂದ ಒಂದೇ ದಿಕ್ಕಿಗೆ ಉಜ್ಜಿದರೆ ತಗಡಿನ ಗೆರೆ ತಾನಾಗಿ ಮೂಡುವುದು. ಮೈಸೂರು ಸಂಪ್ರದಾಯದ ಚಿತ್ರಗಾರರು ದೇವತೆಗಳ ಕಿರೀಟಕ್ಕೆ ಚಿನ್ನದ ರೇಕನ್ನು ಕೂರಿಸುವ ಕೈಚಳಕಕ್ಕೂ ಇದಕ್ಕೂ ದೂರವಿಲ್ಲ. ಆದರೆ ಮರುತ್‌ನ ಸಣ್ಣ ನಡುವು ಎರಡು ದಿಕ್ಕಿಗೂ ಬಾಗಿರುವುದರಿಂದ ಅಲ್ಲಿ ಹಾಳೆ ಸುಕ್ಕುಗಟ್ಟುವುದು. ರೆಕ್ಕೆಯ ಮೇಲಿನ ಕೆಲವು ಸಪಾಟಾದ ತಗಡುಗಳಿಗೆ ಮಾತ್ರ ಅದನ್ನು ಬಳಸಿದೆನು.

ಇದರ ನಡುವೆ ಆಟಿಕೆಯ ಪ್ರಶ್ನೆಗೂ ಉತ್ತರ ಹೊಳೆಯಿತು. ನಿಜವಾದ ವಿಮಾನದ ಮೈಯಲ್ಲಿ ಕಾಣುವುದು ಲೋಹದ ಬಣ್ಣವೊಂದೇ ಅಲ್ಲ. ಮೇಲ್ಗಡೆ ಆಕಾಶ, ಕೆಳಗಡೆ ನೆಲ, ನಡುವೆ ದಿಗಂತದ ಗೆರೆ. ಮೇಜಿನ ಮೇಲಿನ ಮಾದರಿಯಲ್ಲಿ ಪ್ರತಿಬಿಂಬಿಸುವುದಾದರೋ ನಮ್ಮ ಮನೆಯ ತಾರಸಿ, ವಿದ್ಯುದ್ದೀಪ, ನೋಡುವವರ ಮೂಗು! ಕನ್ನಡಿಯಂತೆ ಹೊಳೆಯಿಸಿದಷ್ಟೂ ಕೋಣೆಯೇ ಕಾಣುವುದು. ಆದುದರಿಂದ ಚಿಕ್ಕ ಮಾದರಿಯ ಹೊಳಪನ್ನು ಬೇಕೆಂತಲೇ ಸ್ವಲ್ಪ ತಗ್ಗಿಸಿ, ಹೊಟ್ಟೆಯ ಭಾಗವನ್ನು ನೆಲದ ನೆರಳಿನಂತೆ ಕೊಂಚ ಕಂದಿಸಬೇಕು.

ಕೊನೆಗೆ ಹಿಂಬದಿಯ ಎರಡು ಬಾಯಿಗಳು. ಕುಲುಮೆಯ ಮುಂದೆ ನಿಂತವರು ಬಲ್ಲರು: ಉಕ್ಕು ಕಾಯುತ್ತ ಹೋದಂತೆ ಸುಮಾರು ೨೨೦ ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಣಹುಲ್ಲಿನ ಹಳದಿ, ಆಮೇಲೆ ಕಂದು, ನೇರಿಳೆ, ೩೦೦ರ ಸುಮಾರಿಗೆ ನೀಲಿ. ಮೋಟಾರ್ ಸೈಕಲ್ಲಿನ ಹೊಗೆಕೊಳವೆಯಲ್ಲಿಯೂ ಯಂತ್ರಕ್ಕೆ ಹತ್ತಿರದ ಬಾಗಿನಲ್ಲಿ ಈ ಬಣ್ಣಗಳನ್ನು ಕಾಣಬಹುದು. ಜೆಟ್ ಯಂತ್ರದ ಉಕ್ಕು ಶಾಖವನ್ನು ಹೆಚ್ಚು ತಡೆಯತಕ್ಕದ್ದಾದುದರಿಂದ ಅದರಲ್ಲಿ ಇವು ಇನ್ನೂ ಹೆಚ್ಚಿನ ಶಾಖಕ್ಕೆ ಮೂಡುವುವು. ಬಣ್ಣಗಳ ಸರದಿ ಮಾತ್ರ ಹೆಚ್ಚುಕಡಿಮೆ ಅದೇ. ಆದರೆ ಕಾರ್ಖಾನೆಯಿಂದ ಹೊರಬಂದು ಇನ್ನೂ ಹಾರದ ವಿಮಾನಕ್ಕೆ ಸುಟ್ಟ ಬಣ್ಣ ಎಲ್ಲಿಂದ ಬರಬೇಕು? ಪೆನ್ಸಿಲ್ಲಿನ ಸೀಸದ ಪುಡಿಯನ್ನು ಬೆರಳಿನಿಂದ ತೀಡಿ ಉಕ್ಕಿನ ಕಪ್ಪುಮಿನುಗನ್ನು ಬರಿಸಿ, ನೆಲದ ಮೇಲೆ ಒಮ್ಮೆ ಯಂತ್ರವನ್ನು ಓಡಿಸಿ ಪರೀಕ್ಷಿಸಿದಷ್ಟು ಮಾತ್ರ, ಒಳ ಅಂಚಿನಲ್ಲಿ, ಹುಲ್ಲಿನ ಹಳದಿಯನ್ನು ತೋರಿಸಿ ನಿಲ್ಲಿಸಿದೆನು.

ಎರಡು ತಿಂಗಳಾದ ಮೇಲೆ ಮಾದರಿಯನ್ನು ಹತ್ತಿಯ ಪೆಟ್ಟಿಗೆಯಲ್ಲಿಟ್ಟುಕೊಂಡು ಹಿರಿಯರ ಮನೆಗೆ ಹೋದೆನು. ಅವರು ಕನ್ನಡಕವನ್ನು ಒರೆಸಿಕೊಂಡು, ಅದನ್ನು ಕಿಟಕಿಯ ಬಳಿಗೆ ಒಯ್ದು, ಮೂಗನ್ನು ಸ್ವಲ್ಪ ತಗ್ಗಿಸಿ, ಬಲಕ್ಕೆ ವಾಲಿಸಿ, ಎಡಕ್ಕೆ ವಾಲಿಸಿ ನೋಡಿದರು. ಸೊಸೆ ತಂದಿಟ್ಟ ಕಾಫಿ ಆರಿತು. ಬೆರಳಿನ ಉಗುರಿನಿಂದ ಒಂದು ತಗಡಿನ ಗಡಿಯನ್ನು ಮುಟ್ಟಿಯೂ ಮುಟ್ಟದಂತೆ ಅನುಸರಿಸಿ, ಮೊಮ್ಮಗನನ್ನು ಕರೆದು, “ಇಗೋ, ಇಲ್ಲಿಂದ ಇಲ್ಲಿಗೆ ನಮ್ಮ ಬೆಂಚಿನ ಕೆಲಸ” ಎಂದರು. ಹುಡುಗನು ಇದಕ್ಕೆ ಕೆಂಪು ಬಣ್ಣ ಏಕಿಲ್ಲವೆಂದು ಕೇಳಿದನು.

ನಾನು ಹೊರಡುವಾಗ ಹಿರಿಯರು ಬಾಗಿಲಿನ ವರೆಗೂ ಬಂದರು. “ನನಗೆ ಕೆಲಸ ಕಲಿಸಿದ ಮೇಸ್ತ್ರಿಗಳು ಆ ಮರದ ವಿಮಾನ ಹಾರಿದ್ದನ್ನು ಕಂಡವರು, ಸ್ವಾಮಿ. ಸದ್ದೇ ಇಲ್ಲದೆ ತಲೆಯ ಮೇಲೆ ಬಂತು ಎಂದು ಹೇಳುತ್ತಿದ್ದರು. ಇದರ ಪಕ್ಕದಲ್ಲಿ ಅದನ್ನೂ ಒಂದು ಮಾಡಿ ಇಡಿ” ಎಂದರು. ಎಕ್ಸ್-೨೪೧ರ ಚಿತ್ರಗಳನ್ನು ಈಗ ಕೂಡಿಹಾಕುತ್ತಿದ್ದೇನೆ.